ಸಾವಿರದ ಎಂಬತ್ತೆಂಟು

ನನ್ನ ಕಿವಿಯ ಬಗ್ಗೆ ಯಾರೂ ಮಾತಾಡಕೂಡದು. ಇದು ಜಂಬವಲ್ಲ, ಜಂಬವಾದರೂ ನನಗೇನೂ ನಾಚಿಕೆಯಿಲ್ಲ. ಮುಚ್ಚಿದ ಬಾಗಿಲಿನಾಚೆ ಫ್ಯಾನು ತಿರುಗುತ್ತಿದ್ದರೆ ಅದರ ಬೇರಿಂಗು ಇನ್ನೆಷ್ಟು ತಿಂಗಳು ಬಾಳುತ್ತದೆಂದು ಇಲ್ಲಿಂದಲೇ ಹೇಳಬಲ್ಲೆ. ಸಭಾಂಗಣ, ಆಸ್ಪತ್ರೆ, ನಿಲ್ದಾಣಗಳಲ್ಲಿ ಮೈಕು, ಸ್ಪೀಕರು, ಆಂಪ್ಲಿಫೈಯರುಗಳನ್ನು ನೋಡಿಕೊಳ್ಳುವುದು ನಮ್ಮ ಅಂಗಡಿಯ ಕೆಲಸ. ಅಲ್ಲಿ ನನ್ನನ್ನು ‘ಕಿವಿ ಮೇಡಂ’ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೂ ಏನೇನೋ ಅನ್ನುತ್ತಾರೆ, ಅದೂ ನನಗೆ ಕೇಳಿಸುತ್ತದೆ. ಇಷ್ಟು ವರ್ಷದಲ್ಲಿ ನಾನು ಸರಿ ಮಾಡಿ ಬಂದದ್ದು ಮತ್ತೆ ಕೆಟ್ಟಿತೆಂದು ಒಂದು ಫೋನು ಬಂದದ್ದಿಲ್ಲ.

ಹಾಗಾಗಿ ರೈಲು ನಿಲ್ದಾಣದಿಂದ ಆ ಕಾಗದ ಬಂದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ನಿಲ್ದಾಣದ ಘೋಷಣೆಗಳು ಪ್ರಯಾಣಿಕರಿಗೆ ಅರ್ಥವಾಗುತ್ತಿಲ್ಲ, ದನಿ ಕೀರಲು, ಮಾತು ಅವಸರ, ಮೊನ್ನೆ ವಯಸ್ಸಾದ ದಂಪತಿಗಳು ಯಾವುದೋ ಗಾಡಿ ಹತ್ತಿ ಎಲ್ಲಿಗೋ ಹೋಗಿ ಇಳಿದಿದ್ದಾರೆ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ಟೇಷನ್ ಮಾಸ್ತರರ ಎದುರಿನಲ್ಲಿ ಹಳೆಯ ಧ್ವನಿಮುದ್ರಣವನ್ನೆಲ್ಲ ಅಳಿಸಿ, ಯಂತ್ರದ ದನಿಯನ್ನು ಅಳವಡಿಸತಕ್ಕದ್ದು. ಕಾಗದದಲ್ಲಿ ಇದ್ದದ್ದು ಇಷ್ಟು. ಅದರಲ್ಲಿ ಬರೆಯದೇ ಬಿಟ್ಟದ್ದು ಒಂದೇ. ಆ ಕೀರಲು ದನಿ ನಮ್ಮ ಅಮ್ಮನದು.

ಹನ್ನೊಂದು ವರ್ಷದ ಹಿಂದೆ ಅಮ್ಮ ಅಲ್ಲಿ ಟಿಕೆಟ್ ಕೌಂಟರಿನಲ್ಲಿದ್ದಳು. ಆಗಿನ ಮಾಸ್ತರರು ಅವಳ ಉಚ್ಚಾರ ಕೇಳಿ, ಘೋಷಣೆಗಳಿಗೆ ನೀವೇ ದನಿ ಕೊಡಿ ಎಂದು ದುಂಬಾಲು ಬಿದ್ದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಲಗುವ ಕೋಣೆಯ ಗೋಡೆಗಳಿಗೆ ಹಾಸಿಗೆಗಳನ್ನು ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೂರು ಭಾನುವಾರ ಕೂತು ಅವಳ ಮಾತನ್ನು ಧ್ವನಿಮುದ್ರಿಸಿದೆ. ಅಂಕಿಗಳು, ಊರುಗಳು, ‘ತಡವಾಗಿ’, ‘ಹೊರಡಲು ಸಿದ್ಧವಾಗಿದೆ’, ‘ದಯವಿಟ್ಟು ಗಮನಿಸಿ’, ಎಲ್ಲ ಸೇರಿ ಮುನ್ನೂರ ಹನ್ನೆರಡು ತುಂಡು. ಗುಂಡಿ ಒತ್ತಿದರೆ ಕಂಪ್ಯೂಟರು ತುಂಡುಗಳನ್ನು ಜೋಡಿಸಿ ಸಾಲಾಗಿ ಹೇಳುತ್ತದೆ. ಈಗ ಅಮ್ಮ ಅದೇ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿದ್ದಾಳೆ. ನಿವೃತ್ತಿಗೆ ಇನ್ನೊಂದು ವರ್ಷ. ಅವಳು ಮನೆಗೆ ಬಂದ ಮೇಲೂ ನಿಲ್ದಾಣದಲ್ಲಿ ಅವಳ ದನಿ ಇರುತ್ತಿತ್ತು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು, ನನ್ನ ಮೊದಲನೆಯ ಸ್ವತಂತ್ರ ಕೆಲಸವಾಗಿತ್ತು. ಈಗ ಅದನ್ನು ನನ್ನ ಕೈಯಿಂದಲೇ ಅಳಿಸಬೇಕಂತೆ.

ಬುಧವಾರ ಸಂಜೆ ಅಮ್ಮನಿಗೆ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲೇ ಇಲ್ಲ. ಗೊತ್ತು, ನೋಟೀಸು ಹಾಕಿದ್ದಾರೆ ಎಂದಳು. ನಾನು ಆ ಮಾಸ್ತರರನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಹಾರಾಡಿದೆ. ಅಮ್ಮ ಒಂದು ಟವೆಲ್ ಮಡಚಿಟ್ಟು, ತನ್ನ ಎಂದಿನ ತಗ್ಗಿದ ದನಿಯಲ್ಲಿ ಹೇಳಿದಳು:

“ತೆಗೆದ್ಹಾಕು. ಪಾಪ ಜನ. ನನಗೇ ಕೇಳೋಕಾಗಲ್ಲ, ಇನ್ನು ಅವರಿಗೆ ಹೇಗಾಗ್ಬೇಕು?”

ಊಟಕ್ಕೆಂದು ಬಂದಿದ್ದ ಮಾವ, ಅಂದರೆ ಅಮ್ಮನ ತಮ್ಮ, ಬಾಯಿ ಹಾಕದೆ ಇರಲಿಲ್ಲ. ಅವನು ಅಕ್ಕನಿಗೆ ‘ಸೀಟಿ’ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿದೆ. ಗಾಡಿಗೆ ಸೀಟಿ ಬೇಕಿಲ್ಲ, ಅಕ್ಕ ಊದಿದರೆ ಸಾಕು ಎಂಬುದು ಅವನ ಹಳಸಲು ಜೋಕು. ಆ ದಿನವೂ ಅದನ್ನೇ ಹೇಳಿ ತಾನೇ ನಕ್ಕ. ಅಮ್ಮನೂ ನಕ್ಕಳು. ನಕ್ಕು, ಒಳಗೆ ಹೋಗಿ ಬೀರುವಿನ ಬಾಗಿಲು ತೆರೆದು ಸುಮ್ಮನೆ ನಿಂತಳು. ಬಟ್ಟೆಗಳು ಇನ್ನೂ ನನ್ನ ಪಕ್ಕದಲ್ಲೇ ಇದ್ದವು. ಅವಳಿಗೆ ನೋವಾಗಿದೆ ಎಂದು ನನಗೆ ಆಗಲೇ ಖಾತ್ರಿಯಾದದ್ದು. ಆ ಕ್ಷಣವೇ ತೀರ್ಮಾನ ಮಾಡಿದೆ. ತಪ್ಪು ಅಮ್ಮನ ಗಂಟಲಿನದಲ್ಲ, ಆ ಹಾಳು ಹಾರ್ನ್ ಸ್ಪೀಕರುಗಳದು. ಅದನ್ನು ತೋರಿಸಿಕೊಡದಿದ್ದರೆ ನಾನು ಈ ಕಸುಬನ್ನೇ ಬಿಡುತ್ತೇನೆ.

ಗುರುವಾರ ಹತ್ತು ಗಂಟೆಗೆ ಏಣಿ, ಸ್ಕ್ರೂಡ್ರೈವರು, ಮೀಟರು ಎಲ್ಲ ಹೊತ್ತುಕೊಂಡು ನಿಲ್ದಾಣಕ್ಕೆ ಹೋದೆ. ಎರಡನೆಯ ಪ್ಲಾಟ್‌ಫಾರ್ಮಿನ ಹಾರ್ನುಗಳನ್ನು ಒಂದೊಂದಾಗಿ ಬಿಚ್ಚಿದೆ. ಒಂದರಲ್ಲಿ ಕಣಜದ ಗೂಡಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಖುಷಿಪಟ್ಟು ಅದನ್ನು ಕಿತ್ತು, ಒರೆಸಿ, ಮತ್ತೆ ಜೋಡಿಸಿ ಕೇಳಿದೆ. ಅದೇ ಕೀರಲು. ತಂತಿ ಬದಲಾಯಿಸಿದೆ, ಅದೇ ಕೀರಲು. ಏಣಿಯ ಮೇಲೆ ನಿಂತವಳನ್ನು ನೋಡಿ ಪ್ರಯಾಣಿಕರೊಬ್ಬರು, ಆ ಹೆಂಗಸನ್ನು ಸ್ವಲ್ಪ ನಿಧಾನವಾಗಿ ಮಾತಾಡೋಕೆ ಹೇಳಿ ಎಂದು ಕೆಳಗಿನಿಂದ ಸಲಹೆ ಕೊಟ್ಟರು. ಅವರ ತಲೆಯ ಮೇಲೆ ಸ್ಕ್ರೂಡ್ರೈವರು ಬೀಳದಂತೆ ನಾನು ತುಂಬಾ ಜಾಗ್ರತೆ ವಹಿಸಬೇಕಾಯಿತು.

ಮಧ್ಯಾಹ್ನ ಘೋಷಣೆ ಕೋಣೆಗೆ ಬಂದೆ. ಮೊದಲ ಪ್ಲಾಟ್‌ಫಾರ್ಮಿಗೆ ಕಿಟಕಿಯಿರುವ ಉದ್ದನೆಯ, ಇಕ್ಕಟ್ಟಾದ ಕೋಣೆ. ಒಂದು ಮೇಜು, ಅದರ ಮೇಲೆ ಕಂಪ್ಯೂಟರು, ಬಗ್ಗಿದ ಕತ್ತಿನ ಮೈಕು. ಗೋಡೆಗೆ ಒರಗಿದ ಕಬ್ಬಿಣದ ಚೌಕಟ್ಟಿನಲ್ಲಿ ದನಿಗಳನ್ನು ಕೂಡಿಸಿ ಸ್ಪೀಕರುಗಳಿಗೆ ಹಂಚುವ ಮಿಕ್ಸರು, ಅದರ ಕೆಳಗೆ ಆಂಪ್ಲಿಫೈಯರುಗಳು. ಅಲ್ಲಿ ಗುಂಡಿ ಒತ್ತುವವರು ನನಗೆ ಹಳೆಯ ಪರಿಚಯ; ಇಡೀ ನಿಲ್ದಾಣ ಅವರನ್ನು ಗುಂಡಿಯಣ್ಣ ಎಂದೇ ಕರೆಯುತ್ತದೆ. ನನ್ನ ಮುಖ ನೋಡಿದವರೇ ಕುರ್ಚಿ ಬಿಟ್ಟುಕೊಟ್ಟು, ಟೀ ಕುಡಿದು ಬರುತ್ತೇನೆಂದು ಹೊರಟುಹೋದರು.

ಹೊಸ ಯಂತ್ರದ ದನಿಯ ಪೆಟ್ಟಿಗೆಯಲ್ಲಿ ಒಂದು ಪರೀಕ್ಷೆಯ ಸ್ವರವೂ ಇತ್ತು. ಸೆಕೆಂಡಿಗೆ ಸರಿಯಾಗಿ ಸಾವಿರ ಸಲ ಕಂಪಿಸುವ, ‘ಕೂ’ ಎನ್ನುವ ಒಂದೇ ಸ್ವರ. ಎರಡು ದನಿಗಳ ಮಟ್ಟ ಹೋಲಿಸಲು ಅದನ್ನು ಕಂಪ್ಯೂಟರಿನಿಂದ ಹಾಕಬೇಕು. ಇಲ್ಲಿ ನನ್ನ ಕೆಲಸದ ರೀತಿಯನ್ನು ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಸಲ ಈ ಕೋಣೆಗೆ ಬಂದಾಗ ನಾನು ಹಾಕುತ್ತಿದ್ದ ಸ್ವರ ಮಿಕ್ಸರಿನೊಳಗೇ ಹುಟ್ಟುವಂಥದು. ಒಂದು ಗುಂಡಿ ಒತ್ತಿದರೆ ಆಯಿತು, ಎಲ್ಲ ಸ್ಪೀಕರುಗಳೂ ‘ಕೂ’ ಎನ್ನುತ್ತವೆ, ಮೀಟರು ಸಾವಿರ ಎನ್ನುತ್ತದೆ, ಸಹಿ ಹಾಕಿ ಮನೆಗೆ ಹೋಗುತ್ತೇನೆ. ಕಂಪ್ಯೂಟರಿನಿಂದ ಸ್ವರ ಹಾಕಿದ್ದು ಅದೇ ಮೊದಲು.

ಹಾಕಿದೆ. ಮೀಟರು ನೋಡುವ ಮೊದಲೇ ಸ್ವರ ಮೇಲಿದೆ ಅನ್ನಿಸಿತು. ನೋಡಿದರೆ ಸಾವಿರದ ಎಂಬತ್ತೆಂಟು. ಮೀಟರು ಕೆಟ್ಟಿದೆ ಎಂದು ಬೈದು ಚೀಲದಿಂದ ಇನ್ನೊಂದನ್ನು ತೆಗೆದೆ. ಸಾವಿರದ ಎಂಬತ್ತೆಂಟು. ಆ ಸಂಖ್ಯೆ ನಮ್ಮ ಕಸುಬಿನವರಿಗೆ ಬೆಂಕಿ ಬಿದ್ದ ಮನೆಯಷ್ಟು ಸ್ಪಷ್ಟ. ಕಂಪ್ಯೂಟರು ಶಬ್ದವನ್ನು ಸಣ್ಣ ಸಣ್ಣ ಚೂರು ಮಾಡಿ ಇಟ್ಟುಕೊಳ್ಳುತ್ತದೆ. ಒಂದು ಸೆಕೆಂಡಿನ ಮಾತನ್ನು ನಲವತ್ನಾಲ್ಕು ಸಾವಿರದ ನೂರು ಚೂರು ಮಾಡಿಟ್ಟು, ಕೇಳಿಸುವಾಗ ಸೆಕೆಂಡಿಗೆ ನಲವತ್ತೆಂಟು ಸಾವಿರದಂತೆ ಓದಿದರೆ ಮಾತು ಬೇಗ ಮುಗಿಯುತ್ತದೆ, ದನಿ ಮೇಲಕ್ಕೇರುತ್ತದೆ. ಸಾವಿರ ಹೋಗಿ ಸಾವಿರದ ಎಂಬತ್ತೆಂಟಾಗುತ್ತದೆ. ಯಾರೋ ಬೇಕೂಫ ಸೌಂಡ್ ಕಾರ್ಡನ್ನು ತಪ್ಪಾಗಿ ಹೊಂದಿಸಿದ್ದಾನೆ ಎಂದು ಹಲ್ಲು ಕಡಿಯುತ್ತಾ ಸೆಟ್ಟಿಂಗ್ಸ್ ತೆರೆದೆ.

ಡಿಜಿಟಲ್ ಔಟ್‌ಪುಟ್ ಎಂಬಲ್ಲಿ, ಚೂರುಗಳನ್ನು ಓದುವ ವೇಗ ಹಿಡಿಯುವ ಗಡಿಯಾರ ಯಾರದು ಎಂಬ ಸಾಲಿನೆದುರು ‘ಹೊರಗಿನದು’ ಎಂದಿತ್ತು. ಅಂದರೆ ಕಾರ್ಡು ತನ್ನ ಲೆಕ್ಕ ಬಿಟ್ಟು ಮಿಕ್ಸರಿನ ಲೆಕ್ಕಕ್ಕೆ ಹೆಜ್ಜೆ ಹಾಕುತ್ತಿದೆ. ಮಿಕ್ಸರಿನ ಲೆಕ್ಕ ನಲವತ್ತೆಂಟು ಸಾವಿರ. ಅಮ್ಮನ ತುಂಡುಗಳು ನಲವತ್ನಾಲ್ಕು ಸಾವಿರದ ನೂರರವು. ಬದಲಾಯಿಸಲೆಂದು ಬಗ್ಗಿದಾಗ ಪರದೆಯ ಕೆಳಗೆ ಅಂಟಿಸಿದ್ದ ಹಳದಿಯಾದ ಪಟ್ಟಿಯೊಂದು ಕಣ್ಣಿಗೆ ಬಿತ್ತು. ‘ಸೌಂಡ್ ಸೆಟ್ಟಿಂಗ್ಸ್ ಯಾರೂ ಮುಟ್ಟಕೂಡದು. ಎಲ್ಲ ಸರಿಯಾಗಿದೆ.’ ಅದರ ಕೆಳಗೆ ತಾರೀಖು, ಎರಡು ಗೆರೆ ಎಳೆದ ಸಹಿ. ಅಕ್ಷರ ನನ್ನದು, ಸಹಿಯೂ ನನ್ನದು.

ಎಲ್ಲ ನೆನಪಾಯಿತು. ಮೊದಲ ದಿನ ಅಮ್ಮನ ಮಾತಿನ ನಡುವೆ ಟಿಕ್ ಟಿಕ್ ಎಂದು ಸದ್ದು ಬರುತ್ತಿತ್ತು. ಎರಡು ಯಂತ್ರಗಳ ಗಡಿಯಾರ ಹೊಂದದೆ ಬರುವ ಸದ್ದು. ಗಡಿಯಾರವನ್ನು ‘ಹೊರಗಿನದು’ ಮಾಡಿದೆ, ಟಿಕ್ ಟಿಕ್ ನಿಂತಿತು, ನಾನು ಗೆದ್ದೆ. ತುಂಡುಗಳನ್ನೂ ನಲವತ್ತೆಂಟು ಸಾವಿರಕ್ಕೆ ಬದಲಾಯಿಸಬೇಕು ಎಂಬ ಉಳಿದರ್ಧ ಕೆಲಸ ನನ್ನ ತಲೆಗೇ ಹೋಗಲಿಲ್ಲ. ಆ ದಿನ ಅಮ್ಮ ಇದೇ ಬಾಗಿಲಲ್ಲಿ ನಿಂತು, ಗಾಬರಿಯಿಂದ, “ಇದು ನಾನಾ?” ಎಂದು ಕೇಳಿದ್ದಳು. ನಾನು ನಕ್ಕು ಅವಳಿಗೆ ಪಾಠ ಮಾಡಿದ್ದೆ. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕ ಕೇಳಿಸುತ್ತದಮ್ಮ, ಹೊರಗಿನವರಿಗೆ ಕೇಳುವುದೇ ನಿಜವಾದದ್ದು, ಯಾರಿಗೂ ತಮ್ಮ ಧ್ವನಿಮುದ್ರಣ ತಮ್ಮದು ಅನ್ನಿಸುವುದಿಲ್ಲ. ಈ ಮಾತನ್ನು ನಾನು ಸಿಕ್ಕ ಸಿಕ್ಕ ಗಿರಾಕಿಗಳಿಗೆಲ್ಲ ಹೇಳುತ್ತೇನೆ. ಅದು ನಿಜವಾದ ಮಾತೇ, ಅದರಿಂದಲೇ ಅಮ್ಮ ನಂಬಿದಳು. ನನಗೂ ಆಮೇಲೆ ಅನುಮಾನ ಬರಲಿಲ್ಲ. ಹಾರ್ನಿನಲ್ಲಿ ಯಾರ ದನಿಯಾದರೂ ಸಣ್ಣಗಾಗುತ್ತದೆ, ಮನೆಯಲ್ಲಿ ಅಮ್ಮ ಮೆಲ್ಲಗೆ ಮಾತಾಡುತ್ತಾಳೆ, ಎರಡಕ್ಕೂ ಹೋಲಿಕೆ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ.

ನನಗೆ ಅಳು ಬಂತು. ನಾನು ಸುಲಭಕ್ಕೆ ಅಳುವವಳಲ್ಲ, ಹಾಗಾಗಿ ಹೇಗೆ ನಿಲ್ಲಿಸಬೇಕೆಂಬುದು ಗೊತ್ತಿಲ್ಲದೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತು ಮುಗಿದ ಮೇಲೆ ಕೆಲಸಕ್ಕೆ ಕೂತೆ. ಮುನ್ನೂರ ಹನ್ನೆರಡು ತುಂಡುಗಳನ್ನೂ ಪ್ರತಿ ಮಾಡಿ ನಲವತ್ತೆಂಟು ಸಾವಿರಕ್ಕೆ ಬದಲಾಯಿಸಲು ಇಪ್ಪತ್ತೇ ನಿಮಿಷ ಸಾಕಾಯಿತು. ಹನ್ನೊಂದು ವರ್ಷದ ತಪ್ಪಿಗೆ ಇಪ್ಪತ್ತು ನಿಮಿಷ. ಹೆಡ್‌ಫೋನ್ ಹಾಕಿಕೊಂಡು ಒಂದು ತುಂಡು ಕೇಳಿದೆ. ‘ದಯವಿಟ್ಟು ಗಮನಿಸಿ.’ ತುಂಬಿದ, ಆತುರವಿಲ್ಲದ, ಪಕ್ಕದಲ್ಲಿ ಕೂತು ಹೇಳಿದಂಥ ದನಿ. ಹಾಸಿಗೆಗಳ ನಡುವೆ ಕಾಲು ಮಡಚಿ ಕೂತು ಮಾತಾಡಿದ ನನ್ನ ಅಮ್ಮ.

ಯಂತ್ರದ ದನಿಯ ತುಂಡುಗಳೂ ನಲವತ್ನಾಲ್ಕು ಸಾವಿರದ ನೂರರವೇ. ಅವನ್ನು ನಾನು ಬೇಕೆಂದೇ ಮುಟ್ಟಲಿಲ್ಲ. ಹಳದಿ ಪಟ್ಟಿಯನ್ನು ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೂ ನೋಡಿಲ್ಲ. ಹಳೆಯ ಕಾರ್ಡು, ಏನೋ ದೋಷ, ಸರಿ ಮಾಡಿದ್ದೇನೆ ಎಂದರೆ ಯಾರು ಕೇಳುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಹನ್ನೊಂದಕ್ಕೆ ಮಾಸ್ತರರು ಬಂದರು. ಹೊಸಬರು, ಇಸ್ತ್ರಿ ಹಾಕಿದ ಅಂಗಿಯ ತೆಳ್ಳಗಿನ ಮನುಷ್ಯ. ಕೆಟ್ಟವರೇನಲ್ಲ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಆದರೂ ಅವರು ಕೆಟ್ಟವರಲ್ಲ. ಅಮ್ಮನನ್ನು ತಾವೇ ಕರೆತಂದು, ನಿಮ್ಮ ಇಷ್ಟು ವರ್ಷದ ಸೇವೆಗೆ ಕೃತಜ್ಞ ಎಂದು ಏನೋ ಹೇಳಿದರು. ಅಮ್ಮ ತಲೆಯಾಡಿಸಿ, ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತಳು. ಶುರು ಮಾಡಿ ಎಂದರು ಮಾಸ್ತರರು.

ನಾನು ಮೊದಲು ಯಂತ್ರದ ದನಿಯನ್ನೇ ಹಾಕಿದೆ. ಇಡೀ ನಿಲ್ದಾಣದಲ್ಲಿ ಅದು ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. ಗುಂಡಿಯಣ್ಣ ಟೀ ಲೋಟ ಕೆಳಗಿಟ್ಟರು. ಮಾಸ್ತರರು ಹುಬ್ಬು ಗಂಟಿಕ್ಕಿ, ಇದನ್ನು ಆಫೀಸಿನಲ್ಲಿ ಕೇಳಿದಾಗ ಚೆನ್ನಾಗಿತ್ತಲ್ಲ ಎಂದರು. ಚೆನ್ನಾಗಿಯೇ ಇದೆ, ಗಂಟಲಿಗೆ ಏನೂ ಆಗಿಲ್ಲ, ಕಂಪ್ಯೂಟರಿನಿಂದ ದನಿ ಹೊರಗೆ ಹೋಗುವ ದಾರಿ ಕೆಟ್ಟಿದೆ ಎಂದೆ. ಈಗ ಇದನ್ನು ಕೇಳಿ ಎಂದು ಅಮ್ಮನ ತುಂಡುಗಳನ್ನು ಹಾಕಿದೆ.

ಹೊರಗೆ ಅಮ್ಮ ಮಾತಾಡಿದಳು. ಗಾಡಿಯ ಸಂಖ್ಯೆ, ಬರುವ ಹೊತ್ತು, ನಿಲ್ಲುವ ಜಾಗ. ಒಂದೊಂದು ಮಾತೂ ನೆಲದ ಮೇಲೆ ಕಾಲೂರಿ ನಿಂತಿತು. ಕಿಟಕಿಯಾಚೆ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಮಗುವಿನ ಬಾಯಿ ಒರೆಸುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಮಾಸ್ತರರು ಎರಡನೆಯ ಸಲ ಹಾಕಿಸಿದರು, ಮೂರನೆಯ ಸಲವೂ ಹಾಕಿಸಿದರು. ಕೊನೆಗೆ ಹೊಸ ಪೆಟ್ಟಿಗೆಯನ್ನು ವಾಪಸು ಕಳಿಸಬಹುದು, ಇದೇ ಇರಲಿ ಎಂದರು. ನಾನು ಗೆದ್ದಿದ್ದೆ. ಆಮೇಲೆ ಅವರು ಬಹಳ ಸಹಜವಾಗಿ, ಮೊದಲು ಇದನ್ನು ಹೊಂದಿಸಿದ ಪುಣ್ಯಾತ್ಮ ಯಾರು ಎಂದು ಕೇಳಿದರು.

ಜೇಬಿನಲ್ಲಿ ಪಟ್ಟಿ ಇತ್ತು. ಅಮ್ಮ ಬಾಗಿಲಲ್ಲಿದ್ದಳು. ಅವಳು ಮಾಸ್ತರರನ್ನಾಗಲಿ ನನ್ನನ್ನಾಗಲಿ ನೋಡುತ್ತಿರಲಿಲ್ಲ, ಸ್ಪೀಕರಿನ ದಿಕ್ಕಿಗೇ ಮುಖ ಮಾಡಿದ್ದಳು. ಅವಳೆದುರು ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ.

“ನಾನೇ ಸಾರ್. ಹನ್ನೊಂದು ವರ್ಷದ ಹಿಂದೆ ನಾನೇ ಅರ್ಧ ಕೆಲಸ ಮಾಡಿ, ಯಾರೂ ಮುಟ್ಟಬೇಡಿ ಅಂತ ಬರೆದು ಅಂಟಿಸಿದ್ದೆ. ಅಮ್ಮನ ದನಿ ಯಾವತ್ತೂ ಕೀರಲಾಗಿರಲಿಲ್ಲ. ನಾನು ಮಾಡಿದ್ದು.”

ಮಾಸ್ತರರು ಪಟ್ಟಿ ಓದಿದರು, ನನ್ನ ಮುಖ ನೋಡಿದರು, ಪಟ್ಟಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಗುಂಡಿಯಣ್ಣ ಕಂಪ್ಯೂಟರಿನ ಧೂಳು ಒರೆಸಲು ಶುರು ಮಾಡಿದರು. ಅಮ್ಮ ಎರಡು ಹೆಜ್ಜೆ ಒಳಗೆ ಬಂದಳು.

“ಅವತ್ತು ನಾನು ಕೇಳ್ದೆ, ಇದು ನಾನಾ ಅಂತ. ನೀನು ಮೂಳೆ ಕಥೆ ಹೇಳ್ದೆ.”

“ಹೌದಮ್ಮ.”

“ಅವತ್ತಿಂದ ಮನೇಲೂ ಗಂಟಲು ತಗ್ಗಿಸ್ಕೊಂಡೇ ಮಾತಾಡ್ತಿದೀನಿ ಕಣೆ. ಯಾರ ಕಿವೀಗೂ ಚುಚ್ಚಬಾರ್ದು ಅಂತ. ಫೋನ್ ಬಂದ್ರೆ ನಿನ್ನ ಕೈಗೆ ಕೊಡ್ತಿದ್ದೆ. ಯಾಕೆ ಅಂತ ಒಂದು ದಿನ ಕೇಳಿದ್ಯಾ?”

ಕೇಳಿರಲಿಲ್ಲ. ವಯಸ್ಸಾಗುತ್ತಿದೆ, ಮೆದುವಾಗುತ್ತಿದ್ದಾಳೆ ಎಂದುಕೊಂಡಿದ್ದೆ. ಮುಚ್ಚಿದ ಬಾಗಿಲಿನಾಚೆಯ ಫ್ಯಾನಿನ ಬೇರಿಂಗು ಕೇಳಿಸುವವಳಿಗೆ, ಒಂದೇ ಸೂರಿನಡಿ ಅಮ್ಮ ಹನ್ನೊಂದು ವರ್ಷ ಬಾಯಿ ಬಿಗಿಹಿಡಿದದ್ದು ಕೇಳಿಸಿರಲಿಲ್ಲ. ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಆ ಸಿಟ್ಟು ನ್ಯಾಯವಾದದ್ದೂ ಆಗಿತ್ತು.

ಅಷ್ಟರಲ್ಲಿ ಮೇಜಿನ ಫೋನು ರಿಂಗಾಯಿತು. ಗುಂಡಿಯಣ್ಣ ಎತ್ತಿ, ಹ್ಞೂಂ ಹ್ಞೂಂ ಎಂದು ಕೇಳಿ, ಮಾಸ್ತರರ ಕಡೆ ತಿರುಗಿದರು. ಹನ್ನೊಂದೂ ನಲವತ್ತರ ಗಾಡಿ ಒಂದನೆಯದಕ್ಕೆ ಬರುವುದಿಲ್ಲ, ನಾಲ್ಕಕ್ಕೆ ಬರುತ್ತದಂತೆ, ಇನ್ನು ಹನ್ನೆರಡೇ ನಿಮಿಷ. ಕಿಟಕಿಯಾಚೆ ಒಂದನೆಯ ಪ್ಲಾಟ್‌ಫಾರ್ಮಿನ ತುಂಬ ಜನ, ಚೀಲ, ಮಕ್ಕಳು, ಗಾಲಿಕುರ್ಚಿಯಲ್ಲೊಬ್ಬರು ಅಜ್ಜಿ. ಗಾಡಿ ಜಾಗ ಬದಲಾಯಿಸಿದ್ದನ್ನು ಹೇಳಲು ನಮ್ಮ ಮುನ್ನೂರ ಹನ್ನೆರಡರಲ್ಲಿ ಒಂದು ತುಂಡೂ ಇಲ್ಲ. ಅಂಥ ಹೊತ್ತಿನಲ್ಲಿ ಗುಂಡಿಯಣ್ಣನೇ ಮೈಕಿನಲ್ಲಿ ಹೇಳಬೇಕು, ಅವರು ನುಂಗಿ ನುಂಗಿ ಹೇಳಿದ್ದು ಅರ್ಥವಾಗದೆ ಅರ್ಧ ಜನ ವಿಚಾರಣೆ ಕಿಟಕಿಗೆ ಓಡಬೇಕು, ಅಲ್ಲಿ ಅಮ್ಮ ಚೀಟಿಯಲ್ಲಿ ‘೪’ ಎಂದು ಬರೆದು ತೋರಿಸಬೇಕು. ಇದು ಅಲ್ಲಿನ ಪದ್ಧತಿ.

ಗುಂಡಿಯಣ್ಣ ಗಂಟಲು ಸರಿಮಾಡಿಕೊಂಡು ಬಗ್ಗಿದರು. ಅಮ್ಮ ಮುಂದೆ ಬಂದು ಅವರ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

“ಏಳಿ, ನಾನು ಹೇಳ್ತೀನಿ.”

ಅವರು ಮಾಸ್ತರರ ಮುಖ ನೋಡಿದರು, ಮಾಸ್ತರರು ಬೇಡ ಅನ್ನಲಿಲ್ಲ. ಅಮ್ಮ ಕೂತಳು. ಸೆರಗು ಸರಿಮಾಡಿಕೊಂಡು, ಮೈಕನ್ನು ಹತ್ತಿರಕ್ಕೆ ಎಳೆದು, ಗುಂಡಿ ಒತ್ತಿದಳು. ಗಾಡಿಯ ಸಂಖ್ಯೆ ಹೇಳಿದಳು. ಒಂದನೆಯದಕ್ಕಲ್ಲ, ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದಳು. ಹನ್ನೆರಡು ನಿಮಿಷವಿದೆ, ಓಡಬೇಡಿ, ವಯಸ್ಸಾದವರು ಲಿಫ್ಟಿನಲ್ಲಿ ಬನ್ನಿ, ಗಾಲಿಕುರ್ಚಿಯಲ್ಲಿರುವ ತಾಯಿಗೆ ಯಾರಾದರೂ ಕೈ ಕೊಡಿ ಎಂದಳು. ಅದು ಯಾವ ಪುಸ್ತಕದಲ್ಲೂ ಇಲ್ಲದ ಘೋಷಣೆ. ದನಿಯನ್ನು ಒಂದಿಷ್ಟೂ ತಗ್ಗಿಸದೆ, ತುಂಬು ಗಂಟಲಿನಿಂದ ಹೇಳಿದಳು.

ಜನ ಎದ್ದರು. ಚೀಲ ಎತ್ತಿಕೊಂಡು ಸೇತುವೆಯ ಕಡೆ ನಡೆದರು. ಇಬ್ಬರು ಗಾಲಿಕುರ್ಚಿಯನ್ನು ಲಿಫ್ಟಿನತ್ತ ತಿರುಗಿಸಿದರು. ಏನಂತೆ, ಎಲ್ಲಿಗಂತೆ ಎಂದು ಒಬ್ಬರೂ ಪಕ್ಕದವರನ್ನು ಕೇಳಲಿಲ್ಲ. ವಿಚಾರಣೆ ಕಿಟಕಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅಮ್ಮ ಗುಂಡಿಯಿಂದ ಬೆರಳು ತೆಗೆದು ನನ್ನ ಕಡೆ ತಿರುಗಿದಳು. ಹೊರಗೆ ಹೇಗೆ ಕೇಳಿಸಿತು ಎಂದು ಕೇಳಿದಳು. ಚೆನ್ನಾಗಿ ಕೇಳಿಸಿತಮ್ಮ, ನಿನ್ನ ಹಾಗೇ ಕೇಳಿಸಿತು ಎಂದೆ.

“ನಿನ್ನ ಮಾತು ನಂಬಲ್ಲ. ನಾನೇ ಕೇಳ್ತೀನಿ.”

ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಮತ್ತೆ ಬಂದು ಕೂತು ಮೈಕನ್ನು ಎಳೆದುಕೊಂಡಳು. ಕಿಟಕಿ ತೆರೆದು ಮೈಕು ಹಾಕಿದರೆ ಹೊರಗಿನ ಸದ್ದು ಒಳಗೆ ನುಗ್ಗಿ ಕಿವಿ ಹರಿಯುವಂತೆ ಕೂಗುತ್ತದೆ, ಯಾವತ್ತೂ ಹಾಗೆ ಮಾಡಕೂಡದು ಎಂದು ಎಲ್ಲರಿಗೂ ಪಾಠ ಹೇಳುವವಳು ನಾನು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಿಕ್ಸರಿನ ಹತ್ತಿರ ಹೋಗಿ ಕಿಟಕಿಯ ಹೊರಗಿನ ಒಂದೇ ಒಂದು ಹಾರ್ನಿನ ಮಟ್ಟವನ್ನು, ಕೂಗದಷ್ಟು ಇಳಿಸಿ, ಅವಳಿಗೆ ಕೇಳಿಸುವಷ್ಟು ಉಳಿಸಿ, ಬೆರಳಿನಿಂದ ಹಿಡಿದುಕೊಂಡು ನಿಂತೆ. ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. ಅಮ್ಮ ಗುಂಡಿ ಒತ್ತಿ, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದಳು.